ಮರಿ ಉಳಿಸಿಕೊಳ್ಳುವ ಮುನ್ನ ತಾಯಿಯ ಲೆಕ್ಕ ನೋಡಿ

ಸಂತೆಯಲ್ಲಿ ಟಗರು ಕೊಳ್ಳುವಾಗ ಬೆನ್ನು ತಡವಿ, ಹಲ್ಲು ನೋಡಿ, ಅರ್ಧ ದಿನ ಚೌಕಾಸಿ ಮಾಡುತ್ತೇವೆ. ಹೆಣ್ಣುಮರಿಯ ವಿಷಯಕ್ಕೆ ಬಂದರೆ, ದಲ್ಲಾಳಿ ಬೇಡವೆಂದು ಬಿಟ್ಟುಹೋದದ್ದೇ ಹಿಂಡಿನ ಮುಂದಿನ ತಾಯಿ! ಹೀಗೆ ಬೆಳೆದದ್ದು ಮಾರಿಹೋಗಿ ಸೊರಗಿದ್ದು ಉಳಿಯುತ್ತಾ ಹೋದರೆ ಹಿಂಡು ವರ್ಷ ವರ್ಷಕ್ಕೂ ಇಳಿಯುತ್ತದೆ. ಮರಿಯ ವಂಶಗುಣದಲ್ಲಿ ತಾಯಿ, ತಂದೆ ಇಬ್ಬರದೂ ಸಮಪಾಲು ನಿಜ. ಆದರೆ ಮೊದಲ ವಾರಗಳಲ್ಲಿ ಅದು ಬೆಳೆಯುವುದು ತಾಯಿಯ ಹಾಲಿನ ಮೇಲೆ. ಆ ಹಾಲಿನ ಗುಣವೂ ಒಂದಿಷ್ಟು ವಂಶದಿಂದಲೇ ಬರುತ್ತದೆ.

ಮೊದಲು ತಾಯಿಗೂ ಮರಿಗೂ ಕಿವಿಗೆ ನಂಬರಿನ ಓಲೆ ಹಾಕಿ. ಒಂದು ನೋಟ್‌ಬುಕ್ಕು, ಒಂದು ಸ್ಪ್ರಿಂಗ್ ತಕ್ಕಡಿ ಸಾಕು. ಈದ ದಿನ, ಮೈ ಒಣಗಿ ಗಿಣ್ಣುಹಾಲು ಕುಡಿದ ಮರಿಯನ್ನು ಗೋಣಿಚೀಲದ ಜೋಲಿಯಲ್ಲಿಟ್ಟು ತೂಗಿ. ಮರಿ ಒದ್ದಾಡುತ್ತದೆ, ತಾಯಿ ಅರಚುತ್ತಾ ಸುತ್ತುತ್ತದೆ. ಮುಳ್ಳು ನಿಲ್ಲುವವರೆಗೆ ಕಾಯಿರಿ. (ಅರಚದೆ ಮೇಯಲು ಹೊರಟ ತಾಯಿಯಿದ್ದರೆ ಅದನ್ನೂ ಬರೆದಿಡಿ.) ತಾರೀಕು, ಒಂಟಿಯೋ ಅವಳಿಯೋ, ಗಂಡೋ ಹೆಣ್ಣೋ, ತಾಯಿಗೆ ಎಷ್ಟನೇ ಸೂಲು ಎಂಬುದೂ ಇರಲಿ. 90ನೇ ದಿನ ಮತ್ತೆ ತೂಗಿ.

ಎಡವುವುದು ಇಲ್ಲಿಯೇ. 101ನೇ ನಂಬರಿನ ಕುರಿಯ ಒಂಟಿ ಮರಿ 14 ಕೆ.ಜಿ. ತೂಗಿತೆನ್ನಿ, 102ರ ಅವಳಿಗಳು 10 ಮತ್ತು 9. ಕಣ್ಣಿಗೆ ಹಿಡಿಸುವುದು 14ರ ಮರಿ. ಆದರೆ 102 ಒಂದೇ ಸೂಲಿಗೆ 19 ಕೆ.ಜಿ. ಕೊಟ್ಟಿದೆ. ದಪ್ಪ ಮರಿಯನ್ನೇ ಆರಿಸುತ್ತಾ ಹೋದವರು ತಮಗರಿವಿಲ್ಲದೆ ಅವಳಿ ಈಯುವ ವಂಶವನ್ನು ಕಟುಕನಿಗೆ ಕೊಟ್ಟಿರುತ್ತಾರೆ.

ಒಂಟಿಯನ್ನು ಒಂಟಿಯ ಜತೆ, ಚೊಚ್ಚಲನ್ನು ಚೊಚ್ಚಲಿನ ಜತೆ, ಒಂದೇ ಹಂಗಾಮಿನೊಳಗೆ ಹೋಲಿಸಿ. ಅವಳಿ ಹಾಕುವುದು ಮೇವು, ವಯಸ್ಸಿನಿಂದಲೂ ಏರುಪೇರಾಗುವುದರಿಂದ ಎರಡು ಮೂರು ಸೂಲು ನೋಡದೆ ತೀರ್ಮಾನಿಸಬೇಡಿ. ಕೆಚ್ಚಲು ಬಾವು ಬಂದು ಮೊಲೆ ಕೆಟ್ಟದ್ದನ್ನು ಮಾತ್ರ ಆಗಲೇ ಹೊರಹಾಕಿ.

ನಮ್ಮ ಡೆಕ್ಕನಿ, ಬಳ್ಳಾರಿ ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಬಂಗಾಳದ ಸುಂದರಬನದ ಪುಟ್ಟ ಗ್ಯಾರೋಲ್ ಕುರಿಯಲ್ಲಿ ಅವಳಿ ತರುವ ಫೆಕ್‌ಬಿ ಎಂಬ ಜೀನ್ ಇದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ಡೆಕ್ಕನಿಗೆ ತಂದು ‘ನಾರಿ ಸುವರ್ಣ’ ಬೆಳೆಸಿತು. ಈ ಟಗರು ತಂದವರು ಮೊದಲ ಸೂಲಿನಲ್ಲೇ ಅವಳಿ ಕಾಣದೆ ಬೇಸರಪಡುವುದುಂಟು. ಟಗರು ಹಾರಿದ ಕುರಿ ಇದರಿಂದ ಅವಳಿ ಹಾಕುವುದಿಲ್ಲ. ಹುಟ್ಟಿದ ಹೆಣ್ಣುಮರಿ ಬೆಳೆದು ಈದಾಗ ಫಲ ಕಾಣುತ್ತದೆ. ಟಗರಿನಲ್ಲಿ ಜೀನಿನ ಎರಡು ಪ್ರತಿ ಇದ್ದರೆ ಎಲ್ಲ ಮರಿಗಳಿಗೂ ಒಂದೊಂದು ಬರುತ್ತದೆ, ಒಂದೇ ಇದ್ದರೆ ಸುಮಾರು ಅರ್ಧಕ್ಕೆ. ಡಿಎನ್‌ಎ ಪರೀಕ್ಷೆಯ ವರದಿ ಕೇಳಿಯೇ ಕೊಳ್ಳಿ.

ಅವಳಿಗೆ ಮೇವೂ ಬೇಕು. ಗಬ್ಬದ ಸುಮಾರು 150 ದಿನಗಳಲ್ಲಿ ಕೊನೆಯ ಆರು ವಾರ ಮರಿ ಭರದಿಂದ ಬೆಳೆಯುತ್ತದೆ; ಆಗ ಕಾಳು, ಹಿಂಡಿ ಕೊಡಲೇಬೇಕು. ಊರೂರು ಅಲೆದು ಮೇಯಿಸುವ ಹಿಂಡಿಗೆ ಎಲ್ಲ ಕುರಿಯೂ ಅವಳಿ ಹಾಕುವುದು ಬೇಡವೆಂದೇ ನನ್ನ ಅಭಿಪ್ರಾಯ. ಅಂಥವರಿಗೆ ಹಾಲು ಚೆನ್ನಾಗಿರುವ ಒಂಟಿ ಮರಿಯ ತಾಯಿಯೇ ಲೇಸು.

ತಂದೆ ಮಗಳು ಕೂಡದಂತೆ ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ. ದಲ್ಲಾಳಿ ಬರುವ ಹಿಂದಿನ ದಿನವೇ ನೋಟ್‌ಬುಕ್ಕು ತೆರೆದು, ಉಳಿಸಿಕೊಳ್ಳುವ ಹೆಣ್ಣುಮರಿಗಳ ಬೆನ್ನಿಗೆ ಬಣ್ಣ ಹಚ್ಚಿ ಬೇರೆ ದೊಡ್ಡಿಗೆ ಕೂಡಿ. ಎಷ್ಟು ಹೆಚ್ಚು ಬೆಲೆ ಕೂಗಿದರೂ ಆ ದೊಡ್ಡಿಯ ಬಾಗಿಲು ತೆಗೆಯಬೇಡಿ.