ತೊಳೆಯದ ನಳಿಗೆ, ಬದಲಾದ ಮದ್ದು: ನಿಯಂತ್ರಿತ ಪ್ರಯೋಗ ಕುರಿತ ಒಂದು ಪಾಠ

ಒಂಬತ್ತನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಘರ್ಷಣೆಯ ಚಟುವಟಿಕೆ ನಡೆಸುತ್ತಿದ್ದರು. ಉದ್ದಕ್ಕೆ ಸೀಳಿದ ಪಿವಿಸಿ ಕೊಳವೆಯನ್ನು ಇಳಿಜಾರಾಗಿ ನಿಲ್ಲಿಸಿ ಅದರೊಳಗೆ ಗೋಲಿ ಉರುಳಿಸುವುದು, ಗೋಲಿ ನೆಲದ ಮೇಲೆ ಎಷ್ಟು ದೂರ ಹೋಯಿತೆಂದು ಅಳೆಯುವುದು. ಐದು ಸಲ ಸೀಮೆಸುಣ್ಣದ ಪುಡಿ ಸವರಿದ ಗೋಲಿ, ಐದು ಸಲ ಕೊಬ್ಬರಿ ಎಣ್ಣೆ ಸವರಿದ ಗೋಲಿ. ‘ಎಣ್ಣೆಯು ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂಬ ತೀರ್ಮಾನವನ್ನು ಅವರು ಹಿಂದಿನ ರಾತ್ರಿಯೇ ಚಾರ್ಟಿನಲ್ಲಿ ಬರೆದು ತಂದಿದ್ದರು.

ಮೊದಲ ಗುಂಪು ಪುಡಿಯಿಂದ ಆರಂಭಿಸಿತು. ಪುಡಿಯ ಗೋಲಿಗಳು ಸರಾಗವಾಗಿ ಹೋದವು. ಎಣ್ಣೆಯ ಗೋಲಿಗಳು ತಡವರಿಸಿದವು. ಎರಡನೆಯ ಗುಂಪು ಎಣ್ಣೆಯಿಂದ ಆರಂಭಿಸಿತು. ಅಲ್ಲಿ ಎಣ್ಣೆಯ ಗೋಲಿ ಚೆನ್ನಾಗಿ ಉರುಳಿ, ಪುಡಿಯ ಗೋಲಿ ಅರ್ಧದಲ್ಲೇ ಅಂಟಿಕೊಂಡಿತು. ಮೊದಲ ಗುಂಪು ತಪ್ಪು ಮಾಡಿದೆಯೆಂದು ಹೇಳಿ ಚಾರ್ಟ್ ತೂಗುಹಾಕಲು ಅವರು ಎದ್ದಿದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಹುಡುಗಿ, “ಮಿಸ್, ಇಬ್ರೂ ಕೊಳವೆ ಒರೆಸ್ಲೇ ಇಲ್ವಲ್ಲ” ಎಂದಳು. ಎನ್‌ಸಿಸಿಗೆ ಸೇರಿದ್ದ ಹುಡುಗನೊಬ್ಬ ಅದಕ್ಕೆ ದನಿಗೂಡಿಸಿದ: “ಕ್ಯಾಂಪಲ್ಲಿ ಫೈರಿಂಗ್‌ಗೆ ಮುಂಚೆ ರೈಫಲ್ ಒಳಗೆ ಚಿಂದಿ ಎಳೀತಾರೆ ಮಿಸ್. ಎಣ್ಣೆ ಇದ್ರೆ ಗುಂಡು ಬೇರೆ ಕಡೆ ಹೋಗುತ್ತಂತೆ.”

ಗಂಟೆ ಬಾರಿಸಿತು, ಚಾರ್ಟ್ ಸುರುಳಿಯಲ್ಲೇ ಉಳಿಯಿತು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು ಒಂದೇ ವಾಕ್ಯ: ಆ ಹುಡುಗನ ಮಾತನ್ನೇ ಮುಂದಿನ ಪಾಠವಾಗಿಸಿ. ಆ ಮುಂದಿನ ಪಾಠದ ವಿಷಯವಸ್ತುವನ್ನೂ ಅದರಿಂದ ನಮಗೇ ಎದುರಾದ ಒಂದು ತೊಡಕನ್ನೂ ಇಲ್ಲಿ ವಿವರಿಸಿದ್ದೇನೆ. ಶಾಲೆಯಲ್ಲಿ ಬಂದೂಕಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಮದ್ದಿನ ಪಾಕವಾಗಲಿ ಅಳತೆಯಾಗಲಿ ಈ ಪಾಠಕ್ಕೆ ಬೇಕಿಲ್ಲ, ಹೇಳಲೂಬಾರದು. ನಮಗೆ ಬೇಕಾದದ್ದು ಉರಿದ ಮೇಲೆ ಉಳಿಯುವ ಕಿಟ್ಟ ಮಾತ್ರ.

ವಿಷಯ ವಿಶ್ಲೇಷಣೆ

ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಒತ್ತಿಕೊಂಡು ತಿರುಗುತ್ತಾ ಹೊರಬರುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ, ತಿರುಗುವ ಗುಂಡು ಮೂತಿ ಮುಂದಾಗಿಯೇ ಸಾಗುತ್ತದೆ. ಅಂದರೆ ಪ್ರತಿ ಗುಂಡೂ ನಳಿಗೆಯ ಒಳಮೈಯನ್ನು ಬಿಗಿಯಾಗಿ ಉಜ್ಜಿಕೊಂಡು ಹೋಗುತ್ತದೆ. ಆ ಒಳಮೈ ಹೇಗಿದೆಯೋ ಅದರಂತೆ ಘರ್ಷಣೆ, ಘರ್ಷಣೆಯಂತೆ ಅನಿಲದ ಒತ್ತಡ, ಒತ್ತಡದಂತೆ ಗುಂಡಿನ ವೇಗ.

ಹಳೆಯ ಕಪ್ಪುಮದ್ದು ಈ ಒಳಮೈಯನ್ನು ವಿಪರೀತ ಕೊಳೆ ಮಾಡುತ್ತಿತ್ತು. 1870ರ ದಶಕದಲ್ಲಿ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಮದ್ದನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಸುಟ್ಟು ಅಳೆದಾಗ, ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನಶೇಷವಾಗಿ ಉಳಿಯುವುದು ಕಂಡುಬಂತು. ಪೊಟ್ಯಾಸಿಯಂ ಲವಣಗಳಿಂದ ಕೂಡಿದ ಆ ಕಿಟ್ಟ ಗಾಳಿಯ ತೇವ ಹೀರುತ್ತದೆ, ಒಣಹವೆಯಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಪ್ಪುಮದ್ದಿನ ಕೋವಿಗಳಿಂದ ಗುರಿಸ್ಪರ್ಧೆಗೆ ಇಳಿಯುವವರು ಇಂದಿಗೂ ಪ್ರತಿ ಹೊಡೆತದ ನಂತರ ನಳಿಗೆ ಒರೆಸುತ್ತಾರೆ, ಇಲ್ಲವೆ ಕೊಳವೆಯಿಂದ ಒಳಗೆ ಉಸಿರೂದಿ ಕಿಟ್ಟವನ್ನು ಮೆದುವಾಗಿ ಇಟ್ಟುಕೊಳ್ಳುತ್ತಾರೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ನೈಟ್ರೋಸೆಲ್ಯುಲೋಸಿನಿಂದ ಹೊಗೆರಹಿತ ಮದ್ದನ್ನು ರೂಪಿಸಿದ. ಅದು ಬಹುಪಾಲು ಅನಿಲವಾಗಿಯೇ ಹೋಗುತ್ತದೆ. ಬಹುಪಾಲು, ಪೂರ್ತಿಯಲ್ಲ. ಮಸಿ ಉಳಿಯುತ್ತದೆ; ಕಾಳುಗಳಿಗೆ ಲೇಪಿಸಿದ ಗ್ರಾಫೈಟ್, ಉರಿಯುವ ವೇಗ ತಗ್ಗಿಸಲು ಬೆರೆಸಿದ ವಸ್ತುಗಳು, ಆಮ್ಲ ತಟಸ್ಥಗೊಳಿಸುವ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲಾದವುಗಳ ಕುರುಹೂ ಉಳಿಯುತ್ತದೆ. ಜೊತೆಗೆ ಗುಂಡಿನ ಹೊರಕವಚದ ತಾಮ್ರ ಗೀರುಗಳಿಗೆ ಮೆತ್ತಿಕೊಳ್ಳುತ್ತದೆ. ಈ ಬೆರಕೆಗಳು ಒಂದೊಂದು ಮದ್ದಿನಲ್ಲಿ ಒಂದೊಂದು ಬಗೆ, ಆದ್ದರಿಂದ ಕಿಟ್ಟವೂ ಒಂದೊಂದು ಬಗೆ.

ಗುರಿಕಾರರ ವಾಡಿಕೆಗಳು ಹುಟ್ಟಿರುವುದು ಇಲ್ಲಿಂದಲೇ. ತೊಳೆದು ಎಣ್ಣೆ ಸವರಿಟ್ಟ ನಳಿಗೆಯ ಮೊದಲ ಗುಂಡು ಆಮೇಲಿನವುಗಳ ಜೊತೆ ಬೀಳುವುದಿಲ್ಲವೆಂದು ಅವರು ಕೆಲವು ಗುಂಡುಗಳನ್ನು ಲೆಕ್ಕಕ್ಕಿಲ್ಲದೆ ಹೊಡೆದುಬಿಡುತ್ತಾರೆ. ಒಳಮೈ ಆ ಮದ್ದಿನ ಕಿಟ್ಟಕ್ಕೆ ‘ಪಳಗಿದ’ ಮೇಲೆ ಗುಂಡುಗಳು ಒಂದೆಡೆ ಸೇರುತ್ತವೆ. ಎನ್‌ಸಿಸಿಯ ಮಕ್ಕಳು ಗ್ರೂಪಿಂಗ್ ಎನ್ನುವುದು ಇದನ್ನೇ. ಮದ್ದು ಬದಲಾಯಿಸಿ ನಳಿಗೆ ತೊಳೆಯದಿದ್ದರೆ, ಹೊಸ ಮದ್ದಿನ ಮೊದಲ ಗುಂಡುಗಳು ಹಳೆಯ ಮದ್ದಿನ ಕಿಟ್ಟದ ಮೇಲೆ ಸಾಗಬೇಕು. .22 ರೈಫಲಿನವರಿಗೆ ಮದ್ದಿಗಿಂತ ಗುಂಡಿನ ಮೇಲಿನ ಮೇಣದ ಚಿಂತೆ. ಕಂಪನಿ ಬದಲಾದರೆ ಮೇಣ ಬದಲಾಗುತ್ತದೆ, ಹಳೆಯ ಮೇಣ ಒಳಗೆ ಉಳಿದಿರುತ್ತದೆ.

ಇದು ಎಷ್ಟು ದೊಡ್ಡ ವ್ಯತ್ಯಾಸ? ಇದನ್ನು ಮಕ್ಕಳೇ ಲೆಕ್ಕ ಹಾಕಲಿ; ಅವರಿಗೆ ಮುಕ್ತಪತನದ ಸೂತ್ರ ಬರುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ, ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 100 ಮೀಟರ್ ಸಾಗಲು 0.125 ಸೆಕೆಂಡು ಬೇಕು; ಅಷ್ಟರಲ್ಲಿ ಅದು ಸುಮಾರು 7.7 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಕಿಟ್ಟದಿಂದಾಗಿ ವೇಗ 790ಕ್ಕೆ ಇಳಿಯಿತೆಂದು ಊಹಿಸಿದರೆ ಇನ್ನೂ ಸುಮಾರು 2 ಮಿಲಿಮೀಟರ್ ಕೆಳಗೆ. 300 ಮೀಟರಿಗೆ ಅದೇ ವ್ಯತ್ಯಾಸ ಸುಮಾರು 18 ಮಿಲಿಮೀಟರ್ ಆಗುತ್ತದೆ. ದೂರ ಮೂರು ಪಟ್ಟಾದರೆ ವ್ಯತ್ಯಾಸ ಒಂಬತ್ತು ಪಟ್ಟು ಏಕೆಂದು ಮಕ್ಕಳು ಕೇಳದೆ ಬಿಡುವುದಿಲ್ಲ. 300 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 100 ಮಿಲಿಮೀಟರ್. ಆದ್ದರಿಂದ ನಡುವಿಗೆ ಬೀಳುವ ಗುಂಡಿಗೆ ಈ 18 ಮಿಲಿಮೀಟರಿನಿಂದ ನಷ್ಟವಿಲ್ಲ, ಅಂಚಿನ ಗುಂಡಿಗೆ ಇದೆ. ಕಿಟ್ಟದ ಪ್ರಭಾವ ಅಷ್ಟೇನೂ ಭಯಂಕರವಲ್ಲವೆಂಬುದನ್ನು ಮುಚ್ಚಿಡಬಾರದು. ಆದರೆ ಎರಡು ಮದ್ದುಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಹೊರಟವನು ಹುಡುಕುವುದೂ ಇಷ್ಟೇ ಸಣ್ಣ ವ್ಯತ್ಯಾಸವನ್ನು. ಹುಡುಕುವ ವಸ್ತುವೂ ಅದನ್ನು ಮರೆಮಾಡುವ ಕೊಳೆಯೂ ಒಂದೇ ಗಾತ್ರದವು.

ಎರಡು ಚಾರಿತ್ರಿಕ ನಿದರ್ಶನಗಳನ್ನು ಪಾಠದಲ್ಲಿ ಬಳಸಿದೆವು. ಮೊದಲನೆಯದು ಬ್ರಿಟಿಷ್ ಸೇನೆ 1888ರಲ್ಲಿ ಅಂಗೀಕರಿಸಿದ ಲೀ-ಮೆಟ್‌ಫರ್ಡ್ ರೈಫಲ್. ಕಪ್ಪುಮದ್ದಿನ ಕಿಟ್ಟ ಮೂಲೆಗಳಲ್ಲಿ ಸಿಕ್ಕಿಕೊಳ್ಳದಿರಲೆಂದು ವಿಲಿಯಂ ಮೆಟ್‌ಫರ್ಡ್ ಅದರ ಗೀರುಗಳನ್ನು ಆಳವಿಲ್ಲದಂತೆ, ಅಂಚು ದುಂಡಗಿರುವಂತೆ ವಿನ್ಯಾಸ ಮಾಡಿದ್ದ. ಕೆಲವೇ ವರ್ಷಗಳಲ್ಲಿ ಮದ್ದು ಬದಲಾಗಿ ಕಾರ್ಡೈಟ್ ಬಂತು. ಕಿಟ್ಟ ಕಡಿಮೆಯಾಯಿತು, ಆದರೆ ಉರಿಯ ತಾಪ ಹೆಚ್ಚಾಗಿ ಆ ತೆಳುಗೀರುಗಳು ಬೇಗ ಸವೆದು ಗುರಿ ಕೆಡತೊಡಗಿತು. 1895ರ ಲೀ-ಎನ್‌ಫೀಲ್ಡ್ ರೈಫಲಿಗೆ ಆಳವಾದ ಐದು ಗೀರುಗಳನ್ನು ಕೊಡಬೇಕಾಯಿತು. ಒಂದು ಮದ್ದಿನ ದೋಷಕ್ಕೆ ಮಾಡಿದ ಪರಿಹಾರವೇ ಇನ್ನೊಂದು ಮದ್ದಿಗೆ ದೋಷವಾದದ್ದು ಹೀಗೆ.

ಎರಡನೆಯದು ಗುರಿಯ ಕಥೆಯಲ್ಲ, ಪ್ರಾಣದ ಕಥೆ. ಅಮೆರಿಕದ ಎಂ-16 ರೈಫಲನ್ನು ಅಭಿವೃದ್ಧಿಪಡಿಸಿದ್ದು ಒಂದು ಬಗೆಯ ಮದ್ದಿನಿಂದ. 1960ರ ದಶಕದ ನಡುವೆ ವಿಯೆಟ್ನಾಮಿನ ಸೈನಿಕರ ಕೈಗೆ ಹೋದದ್ದು ಬೇರೆ ಬಗೆಯ ಗುಂಡುಕಾಳಿನ ಮದ್ದು. ಆ ಮದ್ದಿನ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಸಣ್ಣ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ರೈಫಲಿನ ಹೊಡೆತದ ವೇಗವೂ ಮಿತಿ ಮೀರಿತು. ಹೆಚ್ಚು ಶುಚಿ ಮಾಡಬೇಕಿಲ್ಲದ ಬಂದೂಕು ಎಂಬ ನಂಬಿಕೆ ಬೇರೆ ಹರಡಿತ್ತು, ಶುಚಿ ಮಾಡುವ ಸಲಕರಣೆಗಳ ಪೂರೈಕೆಯೂ ಸಾಲದಾಗಿತ್ತು. ಕಾದಾಟದ ನಡುವೆ ರೈಫಲುಗಳು ಕಚ್ಚಿಕೊಂಡು ನಿಂತವು, ಸೈನಿಕರು ಸತ್ತರು. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ, ಮದ್ದಿನ ಈ ಬದಲಾವಣೆಯನ್ನು ಕಟುವಾಗಿ ಟೀಕಿಸಿತು. ಈ ಭಾಗವನ್ನು ಪ್ರಶಿಕ್ಷಣಾರ್ಥಿ ಹೇಳುವಾಗ ತರಗತಿ ಸ್ತಬ್ಧವಾಗಿತ್ತು. ಅವರು ಅದನ್ನು ಎಳೆಯದೆ ನಾಲ್ಕೇ ಮಾತಿನಲ್ಲಿ ಮುಗಿಸಿದ್ದು ನನಗೆ ಹಿಡಿಸಿತು.

ಪ್ರಯೋಗದ ಯೋಜನೆ: ಮಕ್ಕಳ ಮುಂದಿಟ್ಟ ಸಮಸ್ಯೆ

ಒಬ್ಬ ಗುರಿಕಾರನ ಬಳಿ ಒಂದೇ ರೈಫಲ್, ‘ಅ’ ಮತ್ತು ‘ಬ’ ಎಂಬ ಎರಡು ಮದ್ದು, ಹತ್ತು ಗುಂಡು. ಯಾವುದು ಮೇಲೆಂದು ಅವನು ಹೇಗೆ ತಿಳಿಯಬೇಕು? ಎಲ್ಲ ಗುಂಪುಗಳೂ ಮೊದಲು ಬರೆದದ್ದು, ‘ಐದು ಅ, ನಂತರ ಐದು ಬ’. ಕೊಳವೆಯ ಅನುಭವ ಹಸಿಯಾಗಿದ್ದುದರಿಂದ ಇದರ ಕೊರತೆ ಅವರಿಗೇ ಬೇಗ ಹೊಳೆಯಿತು. ಬ ಮದ್ದಿನ ಮೊದಲ ಎರಡು ಗುಂಡು ಅ ಮದ್ದಿನ ಕಿಟ್ಟದ ಮೇಲೆ ಹೋಗಿ ಚದುರಿದರೆ, ಬ ಸೋತಂತೆ ಕಾಣುತ್ತದೆ. ಕ್ರಮ ತಿರುಗಿಸಿದರೆ ಅ ಸೋಲುತ್ತದೆ. ಯಾವುದೇ ಆಗಲಿ, ಎರಡನೆಯದಾಗಿ ಬಂದದ್ದಕ್ಕೆ ಸೋಲು.

ಆಮೇಲೆ ಒಂದು ಗುಂಪು ಜಾಣತನದ ಉತ್ತರ ತಂದಿತು: ಅ, ಬ, ಅ, ಬ ಎಂದು ಒಂದರ ನಂತರ ಒಂದು. ನಮ್ಮ ಪ್ರಶಿಕ್ಷಣಾರ್ಥಿ ‘ಭೇಷ್’ ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಹಿಂದೆ ಕುಳಿತಿದ್ದ ನಾನೂ ತಲೆದೂಗಿದೆ, ಏಕೆಂದರೆ ಪಠ್ಯಪುಸ್ತಕದ ಪ್ರಕಾರ ಅದು ಸರಿ. ಹೊಡೆಯುತ್ತಾ ಹೋದಂತೆ ನಳಿಗೆ ಕಾಯುತ್ತದೆ, ಗುರಿಕಾರನ ಭುಜ ದಣಿಯುತ್ತದೆ, ಗಾಳಿ ತಿರುಗುತ್ತದೆ. ಇಂಥ ನಿಧಾನದ ಬದಲಾವಣೆಗಳನ್ನು ಎರಡೂ ಮದ್ದಿಗೆ ಸಮನಾಗಿ ಹಂಚಲು ಸರದಿಯ ಕ್ರಮವೇ ಒಳ್ಳೆಯದು. ಆದರೆ ಕಿಟ್ಟದ ವಿಷಯದಲ್ಲಿ ಅದೇ ಕ್ರಮ ಕೆಟ್ಟದ್ದು. ಮೊದಲನೆಯದೊಂದನ್ನು ಬಿಟ್ಟರೆ ಪ್ರತಿ ಗುಂಡೂ ಪರಕೀಯ ಕಿಟ್ಟದ ಮೇಲೆಯೇ ಓಡುತ್ತದೆ. ಆಗ ನಾವು ಅ ಮದ್ದನ್ನೂ ಪರೀಕ್ಷಿಸಿದಂತಾಗಲಿಲ್ಲ, ಬ ಮದ್ದನ್ನೂ ಪರೀಕ್ಷಿಸಿದಂತಾಗಲಿಲ್ಲ. ಎರಡರ ಬೆರಕೆಯನ್ನು ಪರೀಕ್ಷಿಸಿದೆವು.

ಈ ಅಂಶ ನನಗೆ ತಟ್ಟಿದ್ದು ಊಟದ ವಿರಾಮದಲ್ಲಿ. ಮರುದಿನ ಪ್ರಶಿಕ್ಷಣಾರ್ಥಿ ತಮ್ಮ ‘ಭೇಷ್’ ಅನ್ನು ಮಕ್ಕಳ ಮುಂದೆಯೇ ಹಿಂದೆಗೆದುಕೊಂಡರು. ಅಂದು ಸಿಕ್ಕ ಚರ್ಚೆ ಮೊದಲ ಎರಡು ಪಾಠಗಳಿಗಿಂತ ಗಟ್ಟಿಯಾಗಿತ್ತು. ಕೊನೆಗೆ ಕಪ್ಪುಹಲಗೆಯ ಮೇಲೆ ಮೂಡಿದ ಯೋಜನೆ ಹೀಗಿತ್ತು: ನಳಿಗೆ ತೊಳೆ, ಅ ಮದ್ದಿನ ಕೆಲವು ಗುಂಡುಗಳನ್ನು ಲೆಕ್ಕಕ್ಕಿಲ್ಲದೆ ಹೊಡೆ, ನಂತರ ಐದನ್ನು ಲೆಕ್ಕಕ್ಕೆ ಹೊಡೆ, ನಳಿಗೆ ಆರಲು ಬಿಡು, ಮತ್ತೆ ತೊಳೆದು ಬ ಮದ್ದಿಗೂ ಹಾಗೆಯೇ ಮಾಡು, ಇನ್ನೊಂದು ದಿನ ಬ ಮೊದಲು, ಅ ನಂತರ. ಮುಂದಿನದು ಹಿಂದಿನದರ ಕಿಟ್ಟ ಹೊತ್ತುಕೊಳ್ಳುವುದಕ್ಕೆ ‘ಉಳಿಕೆ ಪರಿಣಾಮ’ ಎಂದು ಹೆಸರಿಟ್ಟೆವು. ಒಬ್ಬನೇ ರೋಗಿಗೆ ಎರಡು ಔಷಧಗಳನ್ನು ಸರದಿಯಲ್ಲಿ ಕೊಟ್ಟು ಹೋಲಿಸುವ ವೈದ್ಯರು ನಡುವೆ ಔಷಧವಿಲ್ಲದ ದಿನಗಳನ್ನು ಬಿಡುವುದೂ ಇದಕ್ಕಾಗಿಯೇ.

ಪಿವಿಸಿ ಕೊಳವೆಯನ್ನು ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಇದೇ ಕ್ರಮದಲ್ಲಿ ಮತ್ತೆ ಗೋಲಿ ಉರುಳಿಸಲಾಯಿತು. ಎರಡು ಗುಂಪುಗಳ ಉತ್ತರಗಳು ಈ ಸಲ ಹತ್ತಿರ ಬಂದವು. ಚಾರ್ಟಿನ ವಾಕ್ಯವನ್ನು ಅವು ಅಷ್ಟಾಗಿ ಸಮರ್ಥಿಸಲಿಲ್ಲ ಎಂಬುದು ಬೇರೆ ಮಾತು: ಉರುಳುವ ಗೋಲಿಗೆ ಎಣ್ಣೆಯಿಂದ ಆಗುವ ಲಾಭ ಜಾರುವ ವಸ್ತುವಿಗೆ ಆಗುವಷ್ಟಲ್ಲ. ಪ್ರಶಿಕ್ಷಣಾರ್ಥಿ ಈಗ ಚಾರ್ಟುಗಳನ್ನು ಪಾಠ ಮುಗಿದ ಮೇಲೆ ಮಕ್ಕಳಿಂದಲೇ ಬರೆಸುತ್ತಾರೆ.

ನಮ್ಮದೇ ಕ್ರಿಯಾ ಸಂಶೋಧನೆಗಳು

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದೇ ವಾರ ಕ್ರಿಯಾ ಸಂಶೋಧನೆಯ ವರದಿಗಳು ಮೌಲ್ಯಮಾಪನಕ್ಕೆ ನನ್ನ ಮೇಜಿನ ಮೇಲೆ ಬಂದವು. ಅವುಗಳಲ್ಲಿ ಹಲವು ಒಂದೇ ಅಚ್ಚಿನವು. ಒಂದು ತರಗತಿಗೆ ಮೊದಲ ವಾರ ಉಪನ್ಯಾಸ ವಿಧಾನ, ಪರೀಕ್ಷೆ; ಎರಡನೆಯ ವಾರ ಅದೇ ಮಕ್ಕಳಿಗೆ ಅದೇ ಘಟಕ ಚಟುವಟಿಕೆ ವಿಧಾನದಲ್ಲಿ, ಮತ್ತೆ ಪರೀಕ್ಷೆ; ಅಂಕ ಹೆಚ್ಚಿತು, ಆದ್ದರಿಂದ ಚಟುವಟಿಕೆ ವಿಧಾನ ಶ್ರೇಷ್ಠ. ಇಂಥ ವರದಿಗಳಿಗೆ ನಾನು ವರ್ಷಗಳಿಂದ ಒಳ್ಳೆಯ ಅಂಕ ಕೊಟ್ಟಿದ್ದೇನೆ. ಮೊದಲ ವಾರ ಕಲಿತದ್ದು ಎರಡನೆಯ ವಾರದ ಮಕ್ಕಳೊಳಗೆ ಉಳಿದಿರುತ್ತದೆ ಎಂಬ ಸರಳ ಸಂಗತಿಯನ್ನು ಒಂದು ವರದಿಯೂ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ರೈಫಲಿನಲ್ಲಿ ಉಳಿಕೆ ಎರಡನೆಯದನ್ನು ಸೋಲಿಸುತ್ತಿತ್ತು. ಇಲ್ಲಿ ಎರಡನೆಯದನ್ನು ಗೆಲ್ಲಿಸುತ್ತಿದೆ. ಇನ್ನು ಮಕ್ಕಳ ತಲೆಯೊಳಗೆ ಚಿಂದಿ ಎಳೆಯಲು ಬರುವುದಿಲ್ಲ. ಹಿಂದಿನದನ್ನು ಅಳಿಸಿ ಹೊಸದಾಗಿ ಆರಂಭಿಸುವ ಪ್ರಯೋಗ ನಮಗೆ ಬೇಕಾಗಿಯೂ ಇಲ್ಲ.

ಈ ತೊಡಕನ್ನು ಆ ಪ್ರಶಿಕ್ಷಣಾರ್ಥಿಯ ಮುಂದಿಟ್ಟೆ. ಅವರ ಹೊಸ ಯೋಜನೆಯಲ್ಲಿ ಎರಡು ವಿಭಾಗಗಳಿವೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟಕಗಳಿವೆ. ‘ಎ’ ವಿಭಾಗಕ್ಕೆ ಬೆಳಕಿನ ಘಟಕ ಚಟುವಟಿಕೆಯಿಂದ, ಅಂಗಾಂಶದ ಘಟಕ ಉಪನ್ಯಾಸದಿಂದ. ‘ಬಿ’ ವಿಭಾಗಕ್ಕೆ ಅದಲುಬದಲು. ಒಂದು ಘಟಕದ ಉಳಿಕೆ ಇನ್ನೊಂದಕ್ಕೆ ಅಷ್ಟಾಗಿ ದಾಟದು. ಯೋಜನೆಗೆ ಸಹಿ ಹಾಕಲು ಪೆನ್ನು ತೆಗೆದಾಗ ಅವರೇ ತಡೆದರು: “ಸರ್, ಬಿಸಿಯೂಟಕ್ಕೆ ಎರಡೂ ವಿಭಾಗದವರು ಒಟ್ಟಿಗೇ ಕೂರ್ತಾರೆ. ಎ ವಿಭಾಗದಲ್ಲಿ ಮಾಡಿದ್ದನ್ನ ಬಿ ವಿಭಾಗದವರಿಗೆ ಅಲ್ಲೇ ಹೇಳಿಬಿಡ್ತಾರೆ.” ಅದಕ್ಕೇನು ಮಾಡುವುದೆಂದು ಇಬ್ಬರೂ ಯೋಚಿಸುತ್ತಿದ್ದೇವೆ. ಸದ್ಯಕ್ಕೆ ವರದಿಯ ಮಿತಿಗಳ ಪುಟದಲ್ಲಿ ಅದನ್ನು ಮೊದಲ ಸಾಲಾಗಿ ಬರೆಯಲು ಹೇಳಿದ್ದೇನೆ.