ವಿಮಾನದಿಂದ ಬಿಸಿಲಿನ ಅಳತೆ

ಬೆಳೆಗೆ ನೀರು, ಗೊಬ್ಬರ ಎಷ್ಟೆಂದು ಲೆಕ್ಕ ಹಾಕುವ ನಾವು ಬಿಸಿಲಿನ ಲೆಕ್ಕವನ್ನು ಸಾಮಾನ್ಯವಾಗಿ ಇಡುವುದಿಲ್ಲ. ಎಲೆಯಲ್ಲಿ ಆಹಾರ ತಯಾರಾಗುವುದಕ್ಕೂ ಭೂಮಿಯ ತೇವ ಆರುವುದಕ್ಕೂ ಬಿಸಿಲೇ ಮೂಲ. ವಾತಾವರಣದ ಹೊರ ಅಂಚಿನಲ್ಲಿ ಸೂರ್ಯನಿಗೆ ಎದುರಾಗಿರುವ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಶಕ್ತಿ ಬೀಳುತ್ತದೆ. ಕೆಳಗಿಳಿಯುವಾಗ ಒಂದು ಪಾಲು ಮೋಡ, ಧೂಳು, ಹೊಗೆಗಳಿಂದ ಚದುರಿ ಹೋಗುತ್ತದೆ. ಇನ್ನೊಂದು ಪಾಲನ್ನು ಅವೇ ಹೀರಿಕೊಂಡು ಗಾಳಿಯನ್ನು ಕಾಯಿಸುತ್ತವೆ. ಹೀಗೆ ಹೀರಿಕೆಯಾದ ಪಾಲನ್ನು ನೇರವಾಗಿ ಅಳೆಯಲು ವಿಮಾನಗಳು ನೆರವಾಗುತ್ತವೆ.

ಅಳೆಯುವ ಕ್ರಮ

ಪೈರನೋಮೀಟರ್ ಎಂಬ ಉಪಕರಣದಲ್ಲಿ ಗಾಜಿನ ಅರ್ಧಗೋಳದೊಳಗೆ ಕಪ್ಪು ಬಳಿದ ಬಿಲ್ಲೆಯಿರುತ್ತದೆ. ಬಿಲ್ಲೆ ಕಾದಾಗ ಹುಟ್ಟುವ ಅಲ್ಪ ವಿದ್ಯುತ್ತಿನಿಂದ ಬಿಸಿಲನ್ನು ಅಳೆಯುತ್ತಾರೆ. ವಿಮಾನದ ಮೇಲ್ಭಾಗದಲ್ಲಿರುವ ಉಪಕರಣ ಇಳಿಯುವ ವಿಕಿರಣವನ್ನೂ, ಕೆಳಭಾಗದಲ್ಲಿರುವುದು ಮರಳಿ ಏರುವುದನ್ನೂ ಅಳೆಯುತ್ತದೆ.

ಉದಾಹರಣೆಗೆ, ಹೊಗೆಪದರದ ಮೇಲೆ 900 ವ್ಯಾಟ್ ಇಳಿದು 100 ಏರಿದರೆ ಉಳಿಕೆ 800. ಪದರದ ಕೆಳಗೆ 860 ಇಳಿದು 90 ಏರಿದರೆ ಉಳಿಕೆ 770. ವ್ಯತ್ಯಾಸವಾದ 30 ವ್ಯಾಟನ್ನು ಆ ಪದರ ಹೀರಿಕೊಂಡಿದೆ ಎಂದರ್ಥ.

ಇಷ್ಟು ಸಣ್ಣ ವ್ಯತ್ಯಾಸ ತಪ್ಪದಿರಲು ಎಚ್ಚರ ಅಗತ್ಯ. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ವಿಮಾನ ಅತ್ತ 3 ಡಿಗ್ರಿ ವಾಲಿದರೂ ನೇರ ಬಿಸಿಲು ಸುಮಾರು ಶೇ. 9ರಷ್ಟು ಹೆಚ್ಚಾಗಿ ತೋರುತ್ತದೆ. ಆದ್ದರಿಂದ ವಾಲಿಕೆಯನ್ನೂ ದಾಖಲಿಸಿ ಲೆಕ್ಕ ತಿದ್ದಬೇಕು. ಮೇಲಿನ ಮತ್ತು ಕೆಳಗಿನ ಅಳತೆ ಒಂದೇ ಹೊತ್ತಿಗೆ ಆಗಬೇಕು.

ಮಾಲ್ಡೀವ್ಸ್ ಪ್ರಯೋಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರ ತಂಡ 2006ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪದಿಂದ ಚಾಲಕರಿಲ್ಲದ ಮೂರು ಹಗುರ ವಿಮಾನಗಳನ್ನು ಒಂದರ ಮೇಲೊಂದರಂತೆ, ಅರ್ಧದಿಂದ 3 ಕಿಲೋಮೀಟರ್ ಎತ್ತರದ ನಡುವೆ ಹಾರಿಸಿತು. ಕಂದು ಹೊಗೆಪದರದಿಂದಾಗಿ ಕೆಳ ವಾತಾವರಣವನ್ನು ಬಿಸಿಲು ಕಾಯಿಸುವ ಪ್ರಮಾಣ ಸುಮಾರು ಶೇ. 50ರಷ್ಟು ಹೆಚ್ಚಿದ್ದುದು ಕಂಡುಬಂದಿತು. ಮೇಲೆ ಗಾಳಿ ಕಾದರೆ, ನೆಲಕ್ಕೆ ಬೆಳಕು ಕಡಿಮೆ. ಇಂಥ ಹೊಗೆ ಮತ್ತು ಹವೆಯ ತಾಪ ಏರಿಕೆ ಎರಡೂ ಸೇರಿ ಭಾರತದ ಭತ್ತದ ಉತ್ಪಾದನೆಯನ್ನು ಕುಗ್ಗಿಸಿವೆಯೆಂದು 2006ರಲ್ಲೇ ಪ್ರಕಟವಾದ ಬೇರೊಂದು ಅಧ್ಯಯನ ತಿಳಿಸಿತು.

ರೈತರು ಗಮನಿಸಬೇಕಾದದ್ದು

ಈ ಮಸಿ ವಾಹನ, ಕಾರ್ಖಾನೆ, ಒಲೆಗಳಿಂದ ಬರುವಂತೆ ಹೊಲದ ಬೆಂಕಿಯಿಂದಲೂ ಬರುತ್ತದೆ. ಆದರೆ ಮಸಿ ಗಾಳಿಯಲ್ಲಿ ನಿಲ್ಲುವುದು ಕೆಲವು ದಿನಗಳಿಂದ ಒಂದೆರಡು ವಾರ ಮಾತ್ರ. ಸುಡುವುದನ್ನು ನಿಲ್ಲಿಸಿದರೆ ಫಲ ಬೇಗ ಕಾಣುತ್ತದೆ. ಕಬ್ಬಿನ ರವದಿಗೆ ಬೆಂಕಿ ಹಚ್ಚದೆ ಸಾಲುಗಳ ನಡುವೆ ಹರಡಿರಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಮಣ್ಣಿಗೆ ಸಾವಯವ ಅಂಶ ಸೇರುತ್ತದೆ. ಪೈರಿಗೆ ಸಲ್ಲಬೇಕಾದ ಬೆಳಕೂ ದಾರಿಯಲ್ಲಿ ಸೋರುವುದಿಲ್ಲ.