ಸಾಲ ಕೊಟ್ಟವರು ಹೊಸಿಲಾಚೆ ನಿಲ್ಲಲಿ

ಈ ತಿಂಗಳ ಪಾಠ: ಬಾಕಿ ಉಳಿದ ಕಾನೂನು ಮತ್ತು ನಮ್ಮ ಮನವಿ



ಉಳಿತಾಯದ ಹಣ ಎಣಿಸಿ, ಸಾಲದ ಪುಸ್ತಕ ಬರೆದು ಮುಗಿದ ಮೇಲೆ ಈ ಪಾಠಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಓದು ಬರುವ ಒಬ್ಬರು ಜೋರಾಗಿ ಓದಲಿ, ಉಳಿದವರು ಕೇಳಲಿ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.

ಮೊದಲು ಒಂದು ಉದಾಹರಣೆ

ಇದು ಯಾರೊಬ್ಬರ ಕತೆಯೂ ಅಲ್ಲ, ಪಾಠಕ್ಕಾಗಿ ಮಾಡಿಕೊಂಡದ್ದು. ಆದರೂ ನಿಮ್ಮ ಬೀದಿಯದೇ ಅನ್ನಿಸಬಹುದು. ಒಬ್ಬ ತಾಯಿ ಫಿಲೇಚರಿನಲ್ಲಿ ನೂಲು ತೆಗೆಯುತ್ತಾಳೆ. ಮಗಳ ಮದುವೆಗೆ ಒಂದು ಕಂಪನಿಯಲ್ಲಿ ಸಾಲ ಮಾಡಿದಳು. ಅದರ ಕಂತು ಕಟ್ಟಲು ಎರಡನೇ ಕಂಪನಿಯಲ್ಲಿ ತೆಗೆದಳು. ಎರಡನ್ನೂ ಕಟ್ಟಲು ಆಗದೆ ಮೀಟರ್ ಬಡ್ಡಿಗೆ ಕೈಸಾಲ ತಂದಳು. ಒಂದು ದಿನ ಬೆಳಗ್ಗೆ ಏಳು ಗಂಟೆಗೇ ಅವಳ ಜಗಲಿ ಮೇಲೆ ವಸೂಲಿ ಹುಡುಗ.

"ಯಾಕಕ್ಕಾ, ಬಾಗಿಲು ಹಾಕ್ಕೊಂಡು ಒಳಗೇ ಕೂತಿದೀಯಾ?"

"ಹೊರಗೆ ಅವ್ನು ಕೂತವ್ನೆ ಕಣವ್ವಾ. ಕಂತು ಕೊಡೋಗಂಟ ಏಳಾಕಿಲ್ಲ ಅಂತಾನೆ. ಬೀದಿ ಜನವೆಲ್ಲಾ ನೋಡ್ತಾವ್ರೆ."

"ಇದಕ್ಕೆ ಕಾನೂನು ಅಂತ ಇಲ್ವಾ?"

"ಕಾನೂನು ನಮ್ಮಂತೋರಿಗಾ?"

ಈ ಕೊನೆಯ ಪ್ರಶ್ನೆಯೇ ನಮ್ಮ ಪಾಠ.

ಬೈಬಲ್ ಏನು ಹೇಳುತ್ತದೆ?

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರಿದ್ದೀರಿ. ಬಡವರಿಗೆ ನ್ಯಾಯ ಸಿಗಬೇಕು ಅನ್ನುವುದು ಎಲ್ಲರ ಮಾತು. ಬೈಬಲ್ಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಸಾಲ ವಸೂಲಿಗೇ ನಿಯಮವಿದೆ. ಸಾಲ ಕೊಟ್ಟವನು ಅಡಮಾನಕ್ಕಾಗಿ ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಯಾಕೆಂದರೆ ಅದು ಆ ಮನೆಯ ಅನ್ನ. ವಿಧವೆಯ ಬಟ್ಟೆಯನ್ನು ಒತ್ತೆ ಇಟ್ಟುಕೊಳ್ಳಬಾರದು. ಸಾಲ ತೀರಿಸಬೇಡ ಅಂತ ಅಲ್ಲಿ ಬರೆದಿಲ್ಲ. ಸಾಲಗಾರರಿಗೂ ಮಾನ ಇದೆ ಅಂತ ಬರೆದಿದೆ.

1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲಿ ದುರಾಸೆಯ ಬಡ್ಡಿಯನ್ನು ಖಂಡಿಸಿದರು. ಉಳ್ಳವರಿಗೆ ರಕ್ಷಣೆಗೆ ಬೇರೆ ದಾರಿ ಇರುತ್ತದೆ, ಬಡವರಿಗೆ ಸರ್ಕಾರವೇ ಆಸರೆ, ಆದ್ದರಿಂದ ಅದು ಬಡವರ ಕಡೆ ಹೆಚ್ಚು ಗಮನ ಕೊಡಬೇಕು ಎಂದರು. ಆದ್ದರಿಂದಲೇ ಒಳ್ಳೆಯ ಕಾನೂನು ಕೇಳುವುದು ಕೂಡ ಸೇವೆಯ ಕೆಲಸ.

ನಮ್ಮ ಊರಲ್ಲೇ ನಡೆದದ್ದು

ಹಿರಿಯ ಸದಸ್ಯರಿಗೆ ನೆನಪಿರಬಹುದು. 2009ರಲ್ಲಿ ರಾಮನಗರ, ಕೋಲಾರ, ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ಕಿರುಸಾಲ ಕಂಪನಿಗಳ ಕಂತು ನಿಂತುಹೋಯಿತು. ಒಬ್ಬೊಬ್ಬರ ಹೆಸರಿನಲ್ಲಿ ಮೂರು ನಾಲ್ಕು ಸಾಲ. ರೇಷ್ಮೆ ಕಸುಬು ಕುಸಿದಿತ್ತು. ಹೆಣ್ಣುಮಕ್ಕಳ ಪಾಡು ನೋಡಿ ಸ್ಥಳೀಯ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿ ಎಂದವು. ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ನಡುವೆ ಸಿಕ್ಕಿಕೊಂಡವರು ಹೆಣ್ಣುಮಕ್ಕಳು.

2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಬಿಗಿಯಾದ ಸುಗ್ರೀವಾಜ್ಞೆ ತಂದಿತು. ಕಿರುಕುಳ ತಗ್ಗಿತು, ಆದರೆ ಕಂಪನಿ ಸಾಲವೂ ಹೆಚ್ಚುಕಡಿಮೆ ನಿಂತಿತು. ಇದು ನಮಗೂ ಪಾಠ. ಎಲ್ಲ ಸಾಲದ ಬಾಗಿಲೂ ಮುಚ್ಚಿದರೆ ತೆರೆದಿರುವುದು ಮೀಟರ್ ಬಡ್ಡಿಯ ಬಾಗಿಲು ಒಂದೇ. ಸಾಲ ಇರಲಿ, ಅದಕ್ಕೊಂದು ಕಟ್ಟುಪಾಡು ಇರಲಿ ಎಂದು ನಾವು ಕೇಳಬೇಕು.

ಬಿದ್ದುಹೋದ ಮಸೂದೆ

ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದು 2012ರ ಮೇ ತಿಂಗಳಲ್ಲಿ ಕಿರುಸಾಲ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಲಾಯಿತು. ಅದು ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. 2014ರ ಫೆಬ್ರವರಿಯಲ್ಲಿ ಸಮಿತಿ ಅದನ್ನು ಒಪ್ಪದೆ ವಾಪಸು ಮಾಡಿತು. ಅದೇ ವರ್ಷ ಚುನಾವಣೆಯಾಗಿ ಲೋಕಸಭೆ ವಿಸರ್ಜನೆಯಾಯಿತು, ಮಸೂದೆಯೂ ಬಿದ್ದುಹೋಯಿತು.

ಮಸೂದೆ ಸಾಗುವ ದಾರಿ ಹೀಗಿದೆ: ಕರಡು ಬರೆಯುತ್ತಾರೆ, ಕೆಲವು ಸಲ ಜನರ ಅಭಿಪ್ರಾಯ ಕೇಳುತ್ತಾರೆ. ಸಂಪುಟ ಒಪ್ಪಬೇಕು. ಸದನದಲ್ಲಿ ಮಂಡಿಸಬೇಕು. ಎರಡೂ ಸದನ ಒಪ್ಪಬೇಕು. ರಾಷ್ಟ್ರಪತಿಗಳ ಅಂಕಿತ ಬೀಳಬೇಕು. ಆಮೇಲೆ ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಇದರಲ್ಲಿ ಎಲ್ಲಿ ಬೇಕಾದರೂ ಅದು ನಿಂತುಬಿಡಬಹುದು. ತಳ್ಳುವ ಕೈ ಇಲ್ಲದ ಗಾಡಿ ಏರಿನಲ್ಲಿ ನಿಂತ ಹಾಗೆ.

ಈಗ ಇರುವ ರಕ್ಷಣೆ

ಮೊದಲನೆಯದು ರಿಸರ್ವ್ ಬ್ಯಾಂಕಿನ ನಿಯಮ. ಇದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೈಯುವುದು, ಬೆದರಿಸುವುದು, ಬೆಳಗ್ಗೆ 9ಕ್ಕೆ ಮೊದಲು ಅಥವಾ ಸಂಜೆ 6ರ ಮೇಲೆ ಫೋನು ಮಾಡಿ ಕಾಡುವುದು ತಪ್ಪು. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಆಗಬೇಕು. ಸಾಲಗಾರರು ಆ ಜಾಗಕ್ಕೆ ಸತತವಾಗಿ ಎರಡು ಸಲ ಬಾರದಿದ್ದರೆ ಮಾತ್ರ ಮನೆ ಹತ್ತಿರ ಬರಬಹುದು. ಆದರೆ ಈ ನಿಯಮ ನಡೆಯುವುದು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಬ್ಯಾಂಕು, ಕಂಪನಿಗಳ ಮೇಲೆ ಮಾತ್ರ.

ಎರಡನೆಯದು ನಮ್ಮ ರಾಜ್ಯದ ಕಾನೂನು. 2025ರ ಜನವರಿಯಲ್ಲಿ ಸಾಲದ ಕಿರುಕುಳ ತಾಳದೆ ಮನೆ ಬಿಟ್ಟು ಹೋದವರ, ಜೀವ ಕಳೆದುಕೊಂಡವರ ಸುದ್ದಿ ದಿನವೂ ಬರುತ್ತಿತ್ತು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯವನ್ನು ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸಿ ಪ್ರತಿಭಟಿಸಿದರು. ಸರ್ಕಾರ ಸುಗ್ರೀವಾಜ್ಞೆ ಬರೆಯಿತು. ರಾಜ್ಯಪಾಲರು ಪ್ರಶ್ನೆ ಎತ್ತಿ ಒಮ್ಮೆ ವಾಪಸು ಕಳಿಸಿದರು, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮಾರ್ಚ್ ಅಧಿವೇಶನದಲ್ಲಿ ಅದೇ ಮಸೂದೆಯಾಗಿ ಬಂದು ಸದನದ ಒಪ್ಪಿಗೆ ಪಡೆಯಿತು. ಇದರಡಿ ಸಾಲ ಕೊಡುವವರು ನೋಂದಣಿ ಮಾಡಿಸಬೇಕು. ಅಡಮಾನ ಇಟ್ಟುಕೊಳ್ಳುವಂತಿಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ.

ನೋಡಿ, 2012ರ ಮಸೂದೆ ಎರಡು ವರ್ಷ ಕೂತು ಬಿದ್ದುಹೋಯಿತು. 2025ರದ್ದು ಎರಡು ತಿಂಗಳಲ್ಲಿ ಆಯಿತು. ಜನ ಮಾತಾಡಿದ್ದೇ ದೊಡ್ಡ ವ್ಯತ್ಯಾಸ. ಆದರೆ ಆ ಮಾತಿಗೆ ಮೊದಲು ಜೀವಗಳು ಹೋಗಿದ್ದವು. ಇನ್ನೊಂದು ಕಾನೂನಿಗೆ ಅಂಥ ಬೆಲೆ ತೆರುವ ಹಾಗೆ ಆಗಬಾರದು.

ಬಾಕಿ ಇರುವುದು ಯಾವುದು?

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಿಗೆ ಊರಿಲ್ಲ, ಕೇರಿಯಿಲ್ಲ. ಕಚೇರಿ ಯಾವ ರಾಜ್ಯದಲ್ಲಿದೆಯೋ ತಿಳಿಯದು. ಫೋನಿನಲ್ಲಿರುವ ಫೋಟೊ, ನೆಂಟರ ನಂಬರು ಎಲ್ಲ ಕದ್ದು ಮಾನ ಕಳೆಯುತ್ತಾರೆ. ಇಂಥದ್ದಕ್ಕೆ ಒಂದು ರಾಜ್ಯದ ಕಾನೂನು ಸಾಲದು. 2024ರ ಡಿಸೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಅನಿಯಂತ್ರಿತ ಸಾಲ ನಿಷೇಧ ಮಸೂದೆಯ ಕರಡು ಪ್ರಕಟಿಸಿ 2025ರ ಫೆಬ್ರವರಿ 13ರವರೆಗೆ ಜನರ ಅಭಿಪ್ರಾಯ ಕೇಳಿತು. ಪರವಾನಗಿ ಇಲ್ಲದೆ ಸಾಲದ ವ್ಯಾಪಾರ ಮಾಡಿದರೆ 2ರಿಂದ 7 ವರ್ಷ ಜೈಲು, ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 3ರಿಂದ 10 ವರ್ಷ ಅಂತ ಅದರಲ್ಲಿದೆ. ನೆಂಟರಿಷ್ಟರ ನಡುವಿನ ಕೈಸಾಲಕ್ಕೆ ತೊಂದರೆ ಇಲ್ಲ. ಯಾರಿಗೆ ಪರವಾನಗಿ ಇದೆ ಎಂದು ಎಲ್ಲರೂ ನೋಡುವಂಥ ಪಟ್ಟಿ ಇಡಬೇಕು ಎಂದೂ ಇದೆ. ಆದರೆ 2025 ಮುಗಿದರೂ ಅದು ಸಂಸತ್ತಿನಲ್ಲಿ ಮಂಡನೆಯಾಗಲಿಲ್ಲ.

ನಾವು ಏನು ಮಾಡೋಣ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅಂದರೆ ನಮಗೆಲ್ಲ ಸಂಸದರು ಒಬ್ಬರೇ. ನಾಲ್ಕು ತಾಲ್ಲೂಕಿನ ಒಕ್ಕೂಟಗಳು ಒಂದೇ ಮಾತು ಕೇಳಿದರೆ ಅದಕ್ಕೆ ತೂಕ ಹೆಚ್ಚು. ವಿಧಾನಸಭೆಗೆ ನಾಲ್ಕೂ ಬೇರೆ ಬೇರೆ ಕ್ಷೇತ್ರ. ರಾಜ್ಯದ ಕಾನೂನು ಜಾರಿಯ ಬಗ್ಗೆ ನಿಮ್ಮ ನಿಮ್ಮ ಶಾಸಕರನ್ನು ಕೇಳಿ.

1. ಸಭೆಯಲ್ಲಿ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ.
2. ಮನವಿ ಒಂದೇ ಪುಟ ಇರಲಿ. ಒಂದು ಪ್ರತಿ ಸಂಘದಲ್ಲಿ ಉಳಿಯಲಿ. ಕೊಟ್ಟಾಗ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.
3. ಯಾವ ಪಕ್ಷದ ಬಾವುಟವೂ ಜೊತೆಗೆ ಬೇಡ. ಇದು ಎಲ್ಲ ಮನೆಯ ಕಷ್ಟ.
4. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ಏನಾಯಿತು ಎಂದು ಕೇಳಿ.

ಮನವಿಯ ಮಾದರಿ:

"ಮಾನ್ಯ ಸಂಸದರಿಗೆ ನಮಸ್ಕಾರಗಳು. ನಾವು ……… ಗ್ರಾಮದ ……… ಮಹಿಳಾ ಸ್ವಸಹಾಯ ಸಂಘದ ಸದಸ್ಯರು. ನಾವು ಸಾಲ ಪಡೆದು ತೀರಿಸುವವರು, ಸಾಲ ಮನ್ನಾ ಕೇಳಲು ಬಂದವರಲ್ಲ. ಪರವಾನಗಿ ಇಲ್ಲದ ಸಾಲ ಮತ್ತು ಆ್ಯಪ್ ಸಾಲದ ಕಿರುಕುಳ ತಡೆಯಲು 2024ರ ಡಿಸೆಂಬರಿನಲ್ಲಿ ಪ್ರಕಟವಾದ ಕರಡು ಮಸೂದೆ ಈಗ ಯಾವ ಹಂತದಲ್ಲಿದೆ ಎಂದು ತಾವು ಲೋಕಸಭೆಯಲ್ಲಿ ಪ್ರಶ್ನೆ ಕೇಳಬೇಕು. ಅದನ್ನು ಬೇಗ ಮಂಡಿಸಿ ಚರ್ಚಿಸುವಂತೆ ಒತ್ತಾಯಿಸಬೇಕು. ಪರವಾನಗಿ ಇರುವವರ ಪಟ್ಟಿ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಿಗುವಂತೆ ಮಾಡಬೇಕು. ತಮ್ಮ ಉತ್ತರವನ್ನು ನಮ್ಮ ಸಂಘದ ವಿಳಾಸಕ್ಕೆ ಬರೆದು ತಿಳಿಸಬೇಕೆಂದು ಕೋರುತ್ತೇವೆ."

ಚರ್ಚಿಸೋಣ

- ನಮ್ಮ ಸಂಘದಲ್ಲಿ ಎಷ್ಟು ಮಂದಿ ಹೊರಗೆ ಎರಡಕ್ಕಿಂತ ಹೆಚ್ಚು ಸಾಲ ಮಾಡಿದ್ದಾರೆ? ಹೇಳಲು ಹೆದರಿಕೆ ಇದೆಯೇ? ಯಾಕೆ?
- ನಮಗೆ ಸಾಲ ಕೊಟ್ಟವರು ರಿಸರ್ವ್ ಬ್ಯಾಂಕಿನ ಹಿಡಿತದವರೋ, ರಾಜ್ಯದಲ್ಲಿ ನೋಂದಣಿಯಾದವರೋ, ಎರಡೂ ಅಲ್ಲವೋ?
- ಕಂತು ತಪ್ಪಿದ ಸದಸ್ಯೆಯ ಮನೆ ಮುಂದೆ ನಾವೇ ಗುಂಪಾಗಿ ಹೋಗಿ ಕೂತದ್ದುಂಟೇ? ಅದು ಸರಿಯೇ?

ಮೂರನೇ ಪ್ರಶ್ನೆ ಕಷ್ಟದ್ದು. ಕಂಪನಿಯವರು ಗುಂಪಿನ ಜವಾಬ್ದಾರಿ ಎಂದು ಹೇಳಿ ನಮ್ಮನ್ನೇ ನಮ್ಮವರ ಬಾಗಿಲಿಗೆ ಕಳಿಸುತ್ತಾರೆ. ಬೇರೆಯವರಿಗೆ ಕೇಳುವ ಕಾನೂನನ್ನು ಮೊದಲು ನಾವೇ ಪಾಲಿಸೋಣ. ಕಂತು ತಪ್ಪಿದವಳ ಜೊತೆ ಒಬ್ಬರು ಹೋಗಿ ಕೂತು, ಯಾಕೆ ತಪ್ಪಿತು ಎಂದು ಕೇಳೋಣ.

ಕೊನೆಯದಾಗಿ, ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದ ವಿಧವೆಯನ್ನು ನೆನೆಯೋಣ. ಯೇಸುಸ್ವಾಮಿ ಹೇಳಿದ ಸಾಮತಿ ಅದು. ಆ ಊರಿನ ನ್ಯಾಯಾಧಿಪತಿಗೆ ದೇವರ ಭಯವೂ ಇರಲಿಲ್ಲ, ಜನರ ಲಕ್ಷ್ಯವೂ ಇರಲಿಲ್ಲ. ಅವಳ ಹತ್ತಿರ ದುಡ್ಡಿರಲಿಲ್ಲ, ಶಿಫಾರಸು ಇರಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿದಳು. ಕಾಟ ತಡೆಯದೆ ಅವನು ನ್ಯಾಯ ಕೊಟ್ಟ. ಅವಳು ಒಬ್ಬಳೇ ಇದ್ದಳು. ನಾವು ಒಂದೊಂದು ಸಂಘದಲ್ಲೇ ಹದಿನೈದು ಇಪ್ಪತ್ತು ಮಂದಿ ಇದ್ದೇವೆ.

ಮುಂದಿನ ಸಭೆಗೆ ಬರುವಾಗ ಮನವಿಯ ಸ್ವೀಕೃತಿ ಪ್ರತಿ ತನ್ನಿ. ಒಕ್ಕೂಟದ ಕಡತದಲ್ಲಿ ಒಟ್ಟಿಗೆ ಇಡೋಣ.